ಜೀರ್ಣಗ್ರಂಥಗಳಿಗೆ ಪೆಟ್ಟಿಗೆ

(ಶ್ರೀಮಠದ ಮಹೋತ್ಸವದ ಅಂಗವಾಗಿ ತೆಂಗಿನಗುಂಡಿಯಲ್ಲಿ ಮಾಡಿದ ಉಪನ್ಯಾಸ)



ತತ್ತ್ವವನ್ನು ಕುರಿತು ಹೇಳಬಲ್ಲ ವಿದ್ವಾಂಸರು ಶ್ರೀಮಠದಲ್ಲಿ ಬೇಕಾದಷ್ಟು ಮಂದಿ ಇರುವರು. ನನಗೆ ಮಾತ್ರ ಪೆಟ್ಟಿಗೆಯ ವಿಷಯವನ್ನು ಹೇಳಬೇಕೆಂದು ಅಪ್ಪಣೆಯಾಗಿದೆ. ಹಳೆಯ ಗ್ರಂಥಗಳನ್ನಿಡುವ ಪೆಟ್ಟಿಗೆಯು ಒಂದು ಉಪನ್ಯಾಸಕ್ಕೆ ತಕ್ಕ ವಿಷಯವೇ ಎಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಇಷ್ಟಲಿಂಗವನ್ನು ಧರಿಸಿ ಎದೆಯ ಮೇಲೆ ಕರಡಿಗೆಯನ್ನು ಹೊತ್ತು ನಡೆಯುವ ಸಮಾಜಕ್ಕೆ ಹಾಗೆ ತೋರಬಾರದು. ಲಿಂಗದ ಅಳತೆಗೆ ನಾವು ಕರಡಿಗೆಯನ್ನು ಮಾಡಿಸುವೆವಲ್ಲದೆ, ಕರಡಿಗೆಯ ಅಳತೆಗೆ ಲಿಂಗವನ್ನು ಯಾರೂ ತೇಯುವುದಿಲ್ಲ. ಗ್ರಂಥದ ವಿಷಯದಲ್ಲಿಯಾದರೋ ಇದಕ್ಕೆ ವಿರುದ್ಧವಾಗಿ ನಡೆದಿದೆ. ಪೆಟ್ಟಿಗೆ ಗಿಡ್ಡವಾಯಿತೆಂದು ಓಲೆಯ ಅಂಚನ್ನೇ ಕತ್ತರಿಸಿ ತುರುಕಿದ ಕಟ್ಟುಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂಚಿನೊಡನೆ ಓಲೆಯ ಸಂಖ್ಯೆಯೂ ಹೋದ ಮೇಲೆ ಯಾವುದು ಮುಂದು, ಯಾವುದು ಹಿಂದು ಎಂಬುದನ್ನು ಹೇಳುವವರಾರು?

ನಮ್ಮ ಹಿರಿಯರು ಗ್ರಂಥವನ್ನು ಕಟ್ಟು ಎಂದು ಕರೆದರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ವಿಪ್ಲವವಾದಾಗ ಶರಣರು ವಚನದ ಕಟ್ಟುಗಳನ್ನು ಹೊತ್ತು, ಚೆನ್ನಬಸವಣ್ಣನವರೊಡನೆ ಈ ನಮ್ಮ ಜಿಲ್ಲೆಯ ಉಳವಿಗೆ ಬಂದರೆಂಬ ಐತಿಹ್ಯವನ್ನು ತಾವೆಲ್ಲರೂ ಕೇಳಿರುವಿರಿ. ಆದರೆ ಇಂದು ದೊರೆತಿರುವ ವಚನದ ಓಲೆಗಳು ಬಹುಮಟ್ಟಿಗೆ ವಿಜಯನಗರದ ಕಾಲದವು, ಅಥವಾ ಅದಕ್ಕೂ ಈಚಿನವು. ಎಂದರೆ ಪ್ರತಿಯ ಪ್ರತಿಗಳು. ಒಂದು ಓಲೆಯ ಆಯುಷ್ಯವು ಮುಗಿಯುವುದಕ್ಕೆ ಮೊದಲು ಯಾರೋ ಒಬ್ಬ ಲಿಪಿಕಾರನು ಕಂಠವನ್ನು ಕೈಯಲ್ಲಿ ಹಿಡಿದು ಮತ್ತೊಂದು ಓಲೆಯ ಮೇಲೆ ಅದನ್ನು ಕೊರೆದನು; ಆದುದರಿಂದ ವಚನವು ಉಳಿಯಿತು. ಫ. ಗು. ಹಳಕಟ್ಟಿಯವರು ಇಂತಹ ಕಟ್ಟುಗಳನ್ನು ಊರೂರುಗಳಿಂದ ಬೇಡಿ ತಂದು, ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಅಚ್ಚು ಹಾಕಿಸಿದರು. ಅಚ್ಚು ಬಂದಿತು; ಲಿಪಿಕಾರನ ವೃತ್ತಿ ನಿಂತಿತು. ಈಗ ಮನೆಯಲ್ಲಿರುವ ಓಲೆಯೇ ಕಡೆಯ ಓಲೆ. ಹಿಂದಿನವರಿಗೆ ಪ್ರತಿಮಾಡುವುದೇ ರಕ್ಷಣೆಯಾಗಿತ್ತು. ನಮ್ಮ ಪಾಲಿಗೆ ಪೆಟ್ಟಿಗೆ ಮಾಡುವುದು ಬಂದಿದೆ.

ಈ ಕರಾವಳಿಯೇನೂ ಗ್ರಂಥಗಳಿಗೆ ಬಡ ಸೀಮೆಯಲ್ಲ. ಭಟಕಳಕ್ಕೆ ಸಮೀಪದ ಹಾಡುವಳ್ಳಿಯ ಜೈನ ಮಠದ ಪರಂಪರೆಗೆ ಸೇರಿದ ಭಟ್ಟಾಕಳಂಕನು ೧೬೦೪ರಲ್ಲಿ ಶಬ್ದಾನುಶಾಸನವೆಂಬ ಕನ್ನಡ ವ್ಯಾಕರಣವನ್ನು ಸಂಸ್ಕೃತದಲ್ಲಿ ರಚಿಸಿದನು. ಈ ತೀರವನ್ನಾಳಿದ ಕೆಳದಿಯ ಮನೆತನದಲ್ಲಿ ಬಸವರಾಜನು ಶಿವತತ್ತ್ವರತ್ನಾಕರವನ್ನು ಬರೆದನು. ಓಲೆಗೆ ಬೇಕಾದ ಶ್ರೀತಾಳೆಯ ಮರವೂ ಈ ಜಿಲ್ಲೆಯ ಕಾಡುಗಳಲ್ಲಿಯೇ ಬೆಳೆಯುವುದು. ಹಲವು ದಶಕಗಳ ಕಾಲ ಬದುಕಿ, ಒಮ್ಮೆ ಮಾತ್ರ ಹೂಬಿಟ್ಟು, ಕಾಯಿ ಉದುರಿಸಿ ಸಾಯುವ ಮರ ಅದು. ಅಂತಹ ಮರದ ಗರಿಯನ್ನು ಬೇಯಿಸಿ, ಒಣಗಿಸಿ, ನುಣುಪು ಮಾಡಿ, ಅಕ್ಷರ ಕೊರೆದು, ಮಸಿ ತೀಡಿ ಸಿದ್ಧಪಡಿಸಿದ್ದನ್ನು ಅಟ್ಟದ ಮೂಲೆಯಲ್ಲಿ ಮರೆತುಬಿಟ್ಟಿರುವೆವು.

ಓಲೆಗೆ ಇಲ್ಲಿನ ಹವೆ ಕಷ್ಟದ ಹವೆ. ಮುಂಗಾರಿನ ನಾಲ್ಕು ತಿಂಗಳಲ್ಲಿ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ಸೀಮೆಯಿದು. ಗಾಳಿಯ ತೇವವು ನೂರಕ್ಕೆ ೬೫-೭೦ರ ಮೇಲೆ ಬಹುದಿನ ನಿಂತರೆ ಬೂಷ್ಟು ಹುಟ್ಟುವುದು. ಕಡಲಗಾಳಿ ತಂದ ಉಪ್ಪು ನೀರನ್ನು ಎಳೆದುಕೊಳ್ಳುವುದು. ಗೆದ್ದಲು, ಜಿರಳೆ, ಇಲಿಗಳ ಮಾತನ್ನು ನಾನು ಈ ಊರಿನವರಿಗೆ ಹೇಳಬೇಕಾದುದಿಲ್ಲ. ಇವೆಲ್ಲವನ್ನೂ ಬಲ್ಲವರಾದುದರಿಂದಲೇ ಹಿರಿಯರು ಕಟ್ಟುಗಳನ್ನು ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಒಲೆಯ ಬಿಸಿ ತೇವವನ್ನು ಓಡಿಸುತ್ತಿತ್ತು. ಹೊಗೆ ಹುಳುವನ್ನು ಓಡಿಸುತ್ತಿತ್ತು. ಓಲೆ ಕಪ್ಪಾಗುತ್ತಿದ್ದುದು ನಿಜ, ಆದರೆ ಉಳಿಯುತ್ತಿತ್ತು.

ಈ ಮಾತನ್ನು ನಾನು ಕಲಿತುದು ತಪ್ಪು ಮಾಡಿದ ಮೇಲೆ. ಇಪ್ಪತ್ತು ವರ್ಷಗಳಿಗೂ ಹಿಂದೆ, ಇದೇ ತೀರದ ಒಂದು ಮನೆಯಲ್ಲಿ ಎರಡು ಕಟ್ಟು ಓಲೆಗಳಿವೆಯೆಂದು ಕೇಳಿ ನೋಡಲು ಹೋಗಿದ್ದೆನು. ಒಂದು ವಚನದ ಕಟ್ಟು. ಇನ್ನೊಂದು ಜೈಮಿನಿ ಭಾರತ. ಎರಡೂ ಅಟ್ಟದ ಮೇಲೆ ಮಸಿ ಹಿಡಿದು ಕುಳಿತಿದ್ದವು. ಪಾಠಶಾಲೆಯಲ್ಲಿ ವ್ಯಾಕರಣವನ್ನೂ ತರ್ಕವನ್ನೂ ಓದಿ ಬಂದ ಹುಮ್ಮಸ್ಸು ನನಗೆ. ಇಷ್ಟು ಅಮೂಲ್ಯವಾದ ಗ್ರಂಥವನ್ನು ಹೊಗೆಯಲ್ಲಿ ಇಡುವುದೇ ಎಂದು, ಮನೆಯವರಿಂದ ಒಂದು ಹೊಸ ಕಬ್ಬಿಣದ ಟ್ರಂಕನ್ನು ತರಿಸಿ, ಕಟ್ಟುಗಳನ್ನು ಒರೆಸಿ, ಹೊಸ ಕೆಂಪು ಬಟ್ಟೆಯಲ್ಲಿ ಸುತ್ತಿ, ಹಸಿಯ ಬೇವಿನ ಸೊಪ್ಪನ್ನೂ ಒಂದು ಹಿಡಿ ನುಸಿಗುಳಿಗೆಯನ್ನೂ ಹಾಕಿ ಬೀಗ ಹಾಕಿಸಿದೆನು. ಆ ಮನೆಯ ಅಜ್ಜಿ ಬಾಗಿಲಲ್ಲಿ ನಿಂತು, “ಅಟ್ಟದ ಮೇಲೆಯೇ ಇರಲಿ ಶಾಸ್ತ್ರಿಗಳೇ, ನಮ್ಮ ಮಾವನವರ ಕಾಲದಿಂದ ಅಲ್ಲಿಯೇ ಇದ್ದಾವೆ” ಎಂದರು. ನಾನು ನಕ್ಕು, ಅವರಿಗೆ ಸಮಾಧಾನ ಹೇಳಿದೆನು. ಅದು ವೈಶಾಖ ಮಾಸ.

ದೀಪಾವಳಿಯ ಅನಂತರ ಬೀಗ ತೆಗೆದಾಗ ಬಂದ ವಾಸನೆ ಇಂದಿಗೂ ನನ್ನ ಮೂಗಿನಲ್ಲಿದೆ. ಒರೆಸಿದ ಓಲೆಯ ತೇವ, ಹಸಿ ಸೊಪ್ಪಿನ ತೇವ, ಎರಡೂ ಒಳಗೇ ಸಿಕ್ಕಿಕೊಂಡಿದ್ದವು. ಮಳೆಯ ರಾತ್ರಿಗಳಲ್ಲಿ ಕಬ್ಬಿಣ ತಣ್ಣಗಾದಂತೆ ಆ ತೇವವು ಒಳಗೋಡೆಗೆ ಹನಿಯಾಗಿ ಹತ್ತಿ ಬಟ್ಟೆಗೆ ಇಳಿದಿತ್ತು. ಬಟ್ಟೆಯ ಕೆಂಪು ಓಲೆಗೆ ಇಳಿದಿತ್ತು. ನುಸಿಗುಳಿಗೆ ಬೂಷ್ಟನ್ನು ತಡೆಯಲಾರದೆಂಬುದು ನನಗೆ ತಿಳಿದಿರಲಿಲ್ಲ. ಮರವಾಗಲಿ ರಟ್ಟಾಗಲಿ ಬಟ್ಟೆಯಾಗಲಿ ತೇವವನ್ನು ಕೊಂಚ ಹೀರಿ ಕೊಂಚ ಬಿಡುವುದು. ಕಬ್ಬಿಣ ಹೀರುವುದೂ ಇಲ್ಲ, ಬಿಡುವುದೂ ಇಲ್ಲ. ಮನೆಯ ಯಜಮಾನರು ನನ್ನನ್ನು ಒಂದು ಮಾತೂ ಆಡಲಿಲ್ಲ. “ಇನ್ನು ಕಡಲಿಗೆ ಬಿಡೋಣವೇ ಶಾಸ್ತ್ರಿಗಳೇ?” ಎಂದಷ್ಟೇ ಕೇಳಿದರು.

ಜೀರ್ಣವಾದ ಗ್ರಂಥವನ್ನು ಭಕ್ತಿಯಿಂದ ಹೊಳೆಗೋ ಕಡಲಿಗೋ ಬಿಡುವ ಪದ್ಧತಿ ನಮ್ಮಲ್ಲಿ ಉಂಟಷ್ಟೆ. ನಾನು ಬೇಡಿಕೊಂಡು ಆ ಕಟ್ಟುಗಳನ್ನು ಇದ್ದಂತೆಯೇ ತಂದೆನು. ಎಷ್ಟೋ ಕಾಲದ ಮೇಲೆ, ಈ ಕೆಲಸವನ್ನು ಬಲ್ಲವರು ಅಂಟಿದ ಓಲೆಗಳನ್ನು ಬಿಡಿಸಿಕೊಟ್ಟರು. ನಡುವಿನ ಓಲೆಗಳು ಬಹುಪಾಲು ಉಳಿದಿದ್ದವು. ಹೋದುದು ಮೊದಲಿನ ನಾಲ್ಕಾರು, ಕಡೆಯ ನಾಲ್ಕಾರು.

ಇಲ್ಲಿ ತಾವು ಸ್ವಲ್ಪ ಗಮನವಿಡಬೇಕು. ಕಟ್ಟಿನಲ್ಲಿ ಹೊರಗಿನ ಓಲೆಗಳೇ ಮೊದಲು ಕೆಡುವುವು. ಇದು ಎಲ್ಲ ಕಟ್ಟುಗಳ ಕಥೆ. ಆದರೆ ಗ್ರಂಥದ ಹೆಸರು, ನಾಂದಿ ಇರುವುದು ಮೊದಲ ಓಲೆಯಲ್ಲಿ. ಯಾವ ಸಂವತ್ಸರದಲ್ಲಿ, ಯಾವ ಊರಿನಲ್ಲಿ, ಯಾರ ಓದಿಗಾಗಿ, ಯಾರು ಬರೆದರು ಎಂಬುದು ಇರುವುದು ಕಡೆಯ ಓಲೆಯಲ್ಲಿ. ನೀರಿನಿಂದಲೂ ಎಣ್ಣೆಯಿಂದಲೂ ಸಡಿಲವಾದ ಕಟ್ಟಿನಿಂದಲೂ ತನ್ನನ್ನು ಕಾಪಾಡಬೇಕೆಂದು ಗ್ರಂಥವೇ ಬೇಡುವಂತೆ ಲಿಪಿಕಾರರು ಬರೆಯುತ್ತಿದ್ದುದೂ ಅಲ್ಲಿಯೇ. ಆ ವಚನದ ಕಟ್ಟನ್ನು ಬರೆದವನು ಯಾರೆಂಬುದು ನನ್ನ ಟ್ರಂಕಿನಲ್ಲಿ ಅಳಿದುಹೋಯಿತು. ಅಟ್ಟದ ಮೇಲಿದ್ದಾಗ ಅದು ಇದ್ದಿತು. ಒಮ್ಮೆ ನೋಡಿದ್ದೆನು, ಬರೆದುಕೊಳ್ಳಲಿಲ್ಲ.

ಇನ್ನು ಪೆಟ್ಟಿಗೆಯನ್ನು ಮಾಡುವ ಕ್ರಮ. ಐವತ್ತರ ಸಮೀಪದಲ್ಲಿ ರಟ್ಟು ಕತ್ತರಿಸಲು ಕಲಿತವನು ನಾನು. ಆದುದರಿಂದ ಯಾರಾದರೂ ಕಲಿಯಬಹುದು.

ಮೊದಲು ಅಳತೆ. ಕಟ್ಟಿನ ಉದ್ದ, ಅಗಲ, ಎತ್ತರ ಇವುಗಳನ್ನು ಒಂದೊಂದನ್ನೂ ಮೂರು ಕಡೆ ಅಳೆಯಬೇಕು. ಯಾವ ಓಲೆಯೂ ಇನ್ನೊಂದಕ್ಕೆ ಸಮನಾಗಿರುವುದಿಲ್ಲ. ದೊಡ್ಡ ಅಳತೆಯನ್ನು ಹಿಡಿದು ಎರಡು ಮೂರು ಮಿಲಿಮೀಟರು ಸೇರಿಸಬೇಕು. ಇದಕ್ಕಿಂತ ಹೆಚ್ಚಾದರೆ ಕಟ್ಟು ಒಳಗೆ ಅಲುಗಾಡಿ ಸವೆಯುವುದು; ಕಡಿಮೆಯಾದರೆ ತೆಗೆಯುವಾಗ ಅಂಚು ಮುರಿಯುವುದು. ರಟ್ಟು ಆಮ್ಲವಿಲ್ಲದ್ದಾಗಿರಬೇಕು. ಮಿಠಾಯಿಯ ಪೆಟ್ಟಿಗೆಯ ರಟ್ಟು, ಹುಲ್ಲಿನ ರಟ್ಟು ಇವು ಕಾಲಕ್ರಮದಲ್ಲಿ ತಾವೂ ಹಳದಿಯಾಗಿ ಮುರಿದು, ತಮಗೆ ತಾಗಿದ ಕಾಗದವನ್ನೂ ಸುಡುವುವು. ಮರಕ್ಕೆ ಇರುವಂತೆ ರಟ್ಟಿಗೂ ಎಳೆಯುಂಟು. ಯಾವ ಕಡೆಗೆ ಸುಲಭವಾಗಿ ಬಾಗುವುದೋ ಆ ಕಡೆಗೇ ಮಡಿಕೆ ಬರಬೇಕು.

ಎರಡು ಪಟ್ಟಿಗಳನ್ನು ಕತ್ತರಿಸಿ ಒಂದರ ಮೇಲೊಂದು ಅಡ್ಡಲಾಗಿ ಇಟ್ಟರೆ ನಡುವಿನ ಚೌಕವೇ ತಳವಾಗುವುದು. ನಾಲ್ಕು ಕಡೆ ನಾಲ್ಕು ರೆಕ್ಕೆಗಳು ಉಳಿಯುವುವು. ಮೊದಲು ಒಳಪಟ್ಟಿಯ ಎರಡು ರೆಕ್ಕೆಗಳು, ಅವುಗಳ ಮೇಲೆ ಹೊರಪಟ್ಟಿಯ ಎರಡು ರೆಕ್ಕೆಗಳು ಮುಚ್ಚಿಕೊಳ್ಳುವುವು. ಹತ್ತಿಯ ಲಾಡಿಯಿಂದ ಸುತ್ತಿ ಕಟ್ಟಬೇಕು. ರಬ್ಬರು ಕೂಡದು, ಕಬ್ಬಿಣದ ಪಿನ್ನು ಕೂಡದು. ಅಂಟು ಬೇಕಾಗುವುದು ತಳದಲ್ಲಿ ಮಾತ್ರ. ಮೈದಾ ಅಂಟಿಗೆ ಹುಳು ಬೀಳಬಾರದೆಂದು ರಟ್ಟು ಕಟ್ಟುವವರು ಮೈಲುತುತ್ತವನ್ನು ಬೆರೆಸುವುದುಂಟು. ಅದು ಕಾಗದಕ್ಕೆ ವಿಷ. ಅಂಟಿಸಿದ ಪೆಟ್ಟಿಗೆ ಎರಡು ದಿನ ಚೆನ್ನಾಗಿ ಒಣಗಿದ ಹೊರತು ಗ್ರಂಥವನ್ನು ಒಳಗಿಡಬಾರದು. ನನ್ನಂತಹವರ ಆತುರಕ್ಕಾಗಿ ಈ ಮಾತನ್ನು ಎರಡು ಬಾರಿ ಹೇಳಬೇಕು.

ಓಲೆಯ ಕಟ್ಟಿಗೆ ಮೇಲೂ ಕೆಳಗೂ ಒಂದೊಂದು ತೆಳುವಾದ ಮರದ ಹಲಗೆ, ಓಲೆಗಿಂತ ಕೂದಲೆಳೆಯಷ್ಟು ದೊಡ್ಡದು, ಇರಲೇಬೇಕು; ಹೊರಗಿನ ಓಲೆಗಳನ್ನು ಕಾಯುವ ಕವಚ ಅದು. ದಾರವನ್ನು ಓಲೆ ಬಾಗದಷ್ಟು ಬಿಗಿ, ಅಂಚು ಕೊಯ್ಯದಷ್ಟು ಸಡಿಲ ಬಿಡಬೇಕು. ಬಣ್ಣವಿಲ್ಲದ, ಚೆನ್ನಾಗಿ ಒಗೆದು ಗಂಜಿ ಬಿಡಿಸಿದ ಹತ್ತಿಯ ಬಟ್ಟೆಯಲ್ಲಿ ಸುತ್ತಬೇಕು. ಬೇವು, ಬಜೆ ಇವು ನಮ್ಮ ಹಿರಿಯರ ಔಷಧ, ಒಳ್ಳೆಯವೇ. ಆದರೆ ಒಣಗಿಸಿ, ಚೀಲದಲ್ಲಿ ಕಟ್ಟಿ, ಓಲೆಗೆ ತಾಗದಂತೆ ಇಡಬೇಕು. ಉದ್ದವಾದ ಕಟ್ಟಿನ ಪೆಟ್ಟಿಗೆಗೆ ಒಂದು ಬದಿಯು ಬಾಗಿಲಿನಂತೆ ಕೆಳಗೆ ಬೀಳುವಂತಿದ್ದರೆ ಹಲಗೆಸಹಿತ ಹೊರಕ್ಕೆ ಜಾರಿಸಬಹುದು, ಬೆರಳು ಹಾಕಿ ಎಳೆಯಬೇಕಾದುದಿಲ್ಲ. ಹೆಸರು, ಓಲೆಗಳ ಸಂಖ್ಯೆ, ಕಡೆಯ ಓಲೆಯಲ್ಲಿರುವ ಮಾತು ಇಷ್ಟನ್ನೂ ಕಾಗದದ ಮೇಲೆ ಸೀಸದ ಕಡ್ಡಿಯಿಂದ ಬರೆದು ಪೆಟ್ಟಿಗೆಯ ಹೊರಗೆ ಅಂಟಿಸಬೇಕು. ಈ ಕಡೆಯ ಮಾತಿಗೆ ಕಾರಣವನ್ನು ಆಗಲೇ ಹೇಳಿರುವೆನು.

ಕಡತದ ಪೆಟ್ಟಿಗೆಯ ರೀತಿ ಬೇರೆ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದು ಕಪ್ಪಾಗಿಸಿ, ಬಳಪದಿಂದ ಬರೆದು ಮಡಿಚುವ ಈ ಪುಸ್ತಕದಲ್ಲಿ ಅಕ್ಷರವು ಉಜ್ಜಿದರೆ ಹೋಗುವುದು. ಮಡಿಕೆ ಮಡಿಕೆಗೂ ನುಣುಪಾದ ತೆಳು ಕಾಗದವನ್ನಿಟ್ಟು, ಮೇಲೆ ಏನನ್ನೂ ಹೇರದೆ, ಮಲಗಿಸಿಯೇ ಇಡಬೇಕು.

ಪೆಟ್ಟಿಗೆಗಿಂತ ಮೊದಲು ಹರಿದುದನ್ನು ಸರಿಪಡಿಸಬೇಡವೇ ಎಂದು ಕೆಲವರು ಕೇಳುವರು. ೧೯೬೬ರ ನವೆಂಬರಿನಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಆರ್ನೋ ನದಿಯು ಉಕ್ಕಿ, ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ಲಕ್ಷಾಂತರ ಪುಸ್ತಕಗಳು ಕೆಸರಿನಲ್ಲಿ ಮುಳುಗಿದವು. ಅಲ್ಲಿ ದುಡಿದ ಪೀಟರ್ ವಾಟರ್ಸ್ ಎಂಬ ಆಂಗ್ಲ ಪುಸ್ತಕಶಿಲ್ಪಿಯು ಮುಂದೆ ಅಮೆರಿಕದ ಕಾಂಗ್ರೆಸ್ ಗ್ರಂಥಾಲಯಕ್ಕೆ ಹೋದ ಮೇಲೆ, ೧೯೭೦ರ ದಶಕದಲ್ಲಿ ಅಲ್ಲಿ ರೂಪುಗೊಂಡ ಪೆಟ್ಟಿಗೆಯೇ ನಾನೀಗ ಹೇಳಿದ ನಾಲ್ಕು ರೆಕ್ಕೆಯ ಪೆಟ್ಟಿಗೆ. ಒಂದು ಗ್ರಂಥವನ್ನು ಸರಿಪಡಿಸಲು ತಿಂಗಳುಗಳು ಬೇಕು. ಆ ಅವಧಿಯಲ್ಲಿ ಉಳಿದ ಸಾವಿರ ಗ್ರಂಥಗಳು ಹಾಳಾಗುವುವು. ಆದುದರಿಂದ ಮೊದಲು ಎಲ್ಲವನ್ನೂ ಪೆಟ್ಟಿಗೆಯಲ್ಲಿಟ್ಟು, ಅನಂತರ ಒಂದೊಂದಾಗಿ ಚಿಕಿತ್ಸೆ ಮಾಡುವುದೆಂದು ಅವರು ಹಂತ ಹಾಕಿಕೊಂಡರು. ಅಂಟು ಪಟ್ಟಿ ಹಚ್ಚಿ ಮನೆಯಲ್ಲಿಯೇ ರಿಪೇರಿ ಮಾಡುವುದಕ್ಕಿಂತ, ಹರಿದ ಚೂರುಗಳನ್ನು ಕಾಗದದಲ್ಲಿ ಮಡಿಚಿ ಅದೇ ಪೆಟ್ಟಿಗೆಯಲ್ಲಿಡುವುದು ಲೇಸು.

ಛಾಯಾಪ್ರತಿ ತೆಗೆದ ಮೇಲೆ ಓಲೆಯೇಕೆ ಎಂಬುದು ಈಗಿನ ತರುಣರ ಪ್ರಶ್ನೆ. ಛಾಯೆಯನ್ನು ತೆಗೆಯಲೇಬೇಕು. ಆದರೆ ಹಳಕಟ್ಟಿಯವರು ಅಚ್ಚು ಹಾಕಿಸಿದ ಎಪ್ಪತ್ತು ವರ್ಷಗಳ ಮೇಲೆ, ೧೯೯೩ರಲ್ಲಿ, ಸಮಗ್ರ ವಚನ ಸಂಪುಟಗಳು ೧೫ ಭಾಗಗಳಲ್ಲಿ ಹೊರಬಂದಾಗ ಸಂಪಾದಕರು ಮತ್ತೆ ಓಲೆಗಳ ಬಳಿಗೇ ಹೋಗಬೇಕಾಯಿತು. ಮಸಿ ತೀಡದ ಗೀರು ಓಲೆಯನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಕಾಣುವುದು. ಎದುರಿನಿಂದ ತೆಗೆದ ಛಾಯೆಯಲ್ಲಿ ಅದು ತಪ್ಪಿಹೋಗಬಹುದು.

ಪೆಟ್ಟಿಗೆಯಲ್ಲಿಟ್ಟು ಮರೆತರೂ ಕೆಟ್ಟಿತು. ಮೂಡಬಿದಿರೆಯ ಧವಳಾದಿ ಗ್ರಂಥಗಳು ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಮೀಸಲಾಗಿದ್ದವು, ೧೯೩೯ರಿಂದ ಅಚ್ಚಾಗತೊಡಗಿದವು, ಅಷ್ಟರಲ್ಲಿ ಮಹಾಧವಳದ ಕೆಲವು ಓಲೆಗಳು ನಷ್ಟವಾಗಿದ್ದವು. ಜೈನಬಂಧುಗಳು ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು ಪೂಜಿಸುವರು. ನಮ್ಮ ಮನೆಗಳಲ್ಲಿ ನವರಾತ್ರಿಯ ಪುಸ್ತಕಪೂಜೆಯುಂಟು. ಇಲ್ಲಿ ಮಳೆಯು ಹಿಂದೆಗೆಯುವ ಕಾಲವೂ ಅದೇ. ಅಂದು ಕುಂಕುಮವನ್ನೂ ಎಣ್ಣೆಯ ದೀಪವನ್ನೂ ದೂರವಿಟ್ಟು, ನೆರಳಿನಲ್ಲಿ ಕಟ್ಟನ್ನು ಬಿಚ್ಚಿ ಗಾಳಿಯಾಡಿಸಿ, ಒಂದೊಂದು ಓಲೆಯನ್ನೂ ನೋಡಿ, ಮತ್ತೆ ಕಟ್ಟಿಡಬೇಕು. ಬಿಸಿಲಿಗೆ ಹರಡಬಾರದು, ಓಲೆ ಸುರುಳಿಯಾಗಿ ಸೀಳುವುದು. ಪೆಟ್ಟಿಗೆಯನ್ನು ನೆಲಕ್ಕೂ ಗೋಡೆಗೂ ತಾಗದಂತೆ, ಮನೆಯ ಒಳಕೋಣೆಯಲ್ಲಿಡಬೇಕು. ಒಲೆ ಹೋಗಿ ಗ್ಯಾಸು ಬಂದ ಮೇಲೆ ಅಟ್ಟದಲ್ಲಿ ಬಿಸಿಯೂ ಇಲ್ಲ, ಹೊಗೆಯೂ ಇಲ್ಲ. ಆ ಅಜ್ಜಿಯ ಮಾತು ಈಗ ಹಳೆಯ ಒಲೆಯೊಡನೆಯೇ ಮುಗಿದಿದೆ.

ಇಂದು ರಟ್ಟು, ಲಾಡಿ, ಅಳತೆಪಟ್ಟಿಗಳನ್ನು ತಂದಿರುವೆನು. ಪ್ರಸಾದವಾದ ಮೇಲೆ ಪಕ್ಕದ ಜಗುಲಿಯಲ್ಲಿ ಕುಳಿತಿರುತ್ತೇನೆ. ಮನೆಯಲ್ಲಿ ಕಟ್ಟುಗಳಿರುವವರು ತರಬಹುದು. ಒರೆಸಬೇಡಿರಿ, ಬಿಚ್ಚಬೇಡಿರಿ, ಇದ್ದಂತೆಯೇ, ಎರಡೂ ಕೈಗಳಿಂದ ಕೆಳಗಿನಿಂದ ಹಿಡಿದು ತರಬೇಕು. ಕಡಲಿಗೆ ಬಿಡಬೇಕೆಂದು ತೆಗೆದಿಟ್ಟವುಗಳಿದ್ದರೆ ಅವನ್ನೇ ಮೊದಲು ತನ್ನಿರಿ.