ನೂರಕ್ಕೆ ಮೂರರ ಲೆಕ್ಕ



ತಿಕೋಟಾ, ಬಬಲೇಶ್ವರದ ಕಡೆಯಿಂದ ಬಂದು ವಿಜಯಪುರದ ಇಬ್ರಾಹಿಂಪುರದಲ್ಲಿ ಬಾಡಿಗೆ ಮನೆ ಹಿಡಿಯುವ ಕುಟುಂಬಕ್ಕೆ ಮೊದಲು ಬೇಕಾಗುವುದು ಮುಂಗಡದ ಹಣ. ಊರಲ್ಲಾದರೆ ಮನೆತನ ನೋಡಿ ಕೈಗಡ ಕೊಡುವವರಿದ್ದರು. ಇಲ್ಲಿ ಗುರುತಿನವರಿಲ್ಲ. ಆಗ ಸುಲಭಕ್ಕೆ ಸಿಗುವುದು ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಸಾಲ. ಮೂರೇ ರೂಪಾಯಿ ತಾನೇ ಅನ್ನಿಸುತ್ತದೆ. ವರ್ಷಕ್ಕೆ ಅದು ಶೇಕಡಾ 36! ಹತ್ತು ಸಾವಿರ ತಂದವರು ಬರೀ ಬಡ್ಡಿಗೇ 3,600 ಕಟ್ಟುತ್ತಾರೆ, ಅಸಲು ಹಾಗೇ ಇರುತ್ತದೆ. ಸಾಲಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಶಾಲೆಗೆ ಹೋಗುವ ಮಗಳನ್ನು ಕೂರಿಸಿಕೊಂಡು ಈ ಲೆಕ್ಕ ಮಾಡಿಸಿ.

ಈ ಸಂಕಟ ಹಳೆಯದು. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ರೈತರೇ ಹಣ ಕೂಡಿಸಿ ರೈತರಿಗೇ ಸಾಲ ಕೊಡುವ ಏರ್ಪಾಡು ಅದು. ಎಂಥ ಧೈರ್ಯ! ಇಂದು ಓಣಿಯ ಸ್ವಸಹಾಯ ಗುಂಪಿನಲ್ಲಿ ಅಕ್ಕಂದಿರು ವಾರವಾರ ಉಳಿಸುವುದೂ ಅದೇ ದಾರಿ. 1992ರಿಂದ ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಇಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುತ್ತ ಬಂದಿದೆ. ಅಡವಿಡಲು ಏನೂ ಇಲ್ಲದವರಿಗೆ ಗುಂಪಿನ ಲೆಕ್ಕದ ಪುಸ್ತಕವೇ ಆಧಾರ.

ಇನ್ನೊಂದು ಮಾತು. ಸಾಲ ಕೊಡುವ ಮುನ್ನ ಬ್ಯಾಂಕುಗಳು ನೋಡುವ ಸಿಬಿಲ್ ಅಂಕ 300ರಿಂದ 900ರವರೆಗೆ ಇರುತ್ತದೆ. ಕಂತು ತಪ್ಪಿದರೆ ಇಳಿಯುತ್ತದೆ. ನೀವು ಜಾಮೀನು ಹಾಕಿದವರು ಕಟ್ಟದಿದ್ದರೂ ನಿಮ್ಮ ಅಂಕಕ್ಕೆ ಪೆಟ್ಟು. ಈ ಅಂಕದ ವರದಿಯನ್ನು ವರ್ಷಕ್ಕೊಮ್ಮೆ ಉಚಿತವಾಗಿ ಪಡೆಯಬಹುದು. ತಪ್ಪಿದ್ದರೆ ತಿದ್ದಿಸಲೂಬಹುದು.