ಬರೆದದ್ದೋ, ಬರೆ ಎಳೆದದ್ದೋ

ಖಾಲಿ ಸಿಡಿಯೊಳಕ್ಕೆ ಮನೆಯ ಕಂಪ್ಯೂಟರಿನಿಂದ ಸಿನಿಮಾವನ್ನೋ ಫೋಟೊಗಳನ್ನೋ ತುಂಬುವ ಕೆಲಸಕ್ಕೆ ಇಂಗ್ಲಿಷಿನವರು ‘ಬರ್ನ್’ ಅಂದರು, ಅಂದರೆ ಸುಡುವುದು. ನಮ್ಮ ಊರುಗಳ ಸೈಬರ್ ಸೆಂಟರುಗಳಲ್ಲಿ ಹೆಚ್ಚು ಕೇಳಿಬರುತ್ತಿದ್ದ ಮಾತು ಬೇರೆ: ‘ಒಂದು ಸಿಡಿ ರೈಟ್ ಮಾಡಿಕೊಡಿ.’ ಸುಟ್ಟಿದ್ದು ಅನ್ನುವುದು ಸರಿಯೋ, ಬರೆದದ್ದು ಅನ್ನುವುದು ಸರಿಯೋ? ಕನ್ನಡದಲ್ಲಿ ಈ ಜಗಳಕ್ಕೆ ಜಾಗವೇ ಇಲ್ಲ. ಕಾಗದದ ಮೇಲೆ ಮಾಡುವುದೂ ಬರೆ, ಕಾದ ಕಬ್ಬಿಣದಿಂದ ಚರ್ಮದ ಮೇಲೆ ಎಳೆಯುವುದೂ ಬರೆ. ಆ ಹೊಳೆಯುವ ಬಿಲ್ಲೆಯೊಳಗೆ ನಡೆಯುತ್ತಿದ್ದದ್ದು ಎರಡೂ. ಈ ಮಾತನ್ನು ನೆನಪಿಟ್ಟುಕೊಂಡರೆ ಸಿಡಿಯ ಇಡೀ ಕಥೆ, ಅದು ಗೆದ್ದದ್ದೂ ಕೆಟ್ಟದ್ದೂ, ಅರ್ಥವಾಗುತ್ತದೆ ಅನ್ನುವುದು ನನ್ನ ವಾದ. ಮನೆಯಲ್ಲಿ ತಯಾರಾದ ಸಿಡಿ ಬಣ್ಣದ ಮೇಲೆ ಎಳೆದ ಬರೆ. ನಾವು ಅದನ್ನು ಕಲ್ಲಿನ ಶಾಸನ ಎಂದು ನಂಬಿ ಬೀರುವಿನಲ್ಲಿಟ್ಟೆವು.

1982ರಲ್ಲಿ ಫಿಲಿಪ್ಸ್ ಮತ್ತು ಸೋನಿ ಸೇರಿ ಮಾರುಕಟ್ಟೆಗೆ ತಂದ ಸಿಡಿ, ಕಾರ್ಖಾನೆಯಲ್ಲಿ ಅಚ್ಚೊತ್ತಿದ ಮಾಲು. ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿಗಳು, ಅದರ ಮೇಲೆ ಕನ್ನಡಿಯಂತೆ ಅಲ್ಯೂಮಿನಿಯಂ ಲೇಪ. ಕುಳಿಗಳ ಸಾಲು ನಡುವಿನಿಂದ ಹೊರಕ್ಕೆ ಚಕ್ಕುಲಿಯ ಹಾಗೆ ಸುತ್ತುತ್ತಾ ಹೋಗುತ್ತದೆ; ಬಿಡಿಸಿ ನೇರ ಹಾಸಿದರೆ 5 ಕಿಲೋಮೀಟರು ದಾಟುತ್ತದೆ. ಪ್ಲೇಯರಿನ ಲೇಸರ್ ಈ ಸಾಲಿನ ಮೇಲೆ ಓಡುವಾಗ ಸಪಾಟು ಜಾಗದಿಂದ ಬೆಳಕು ಪೂರಾ ಮರಳುತ್ತದೆ, ಕುಳಿಯಿಂದ ಮಂಕಾಗಿ ಮರಳುತ್ತದೆ. ಪ್ಲೇಯರಿಗೆ ತಿಳಿಯುವುದು ಇಷ್ಟೇ. ಆದರೆ ಮನೆಯಲ್ಲಿ ಅಚ್ಚಿನ ಯಂತ್ರ ಇಟ್ಟುಕೊಳ್ಳಲು ಆಗುತ್ತದೆಯೇ? ಹಾಗಾಗಿ ಶಾಖಕ್ಕೆ ಕೆಡುವ ಬಣ್ಣವೊಂದನ್ನು ಪ್ಲಾಸ್ಟಿಕ್ಕಿಗೆ ಬಳಿದು, ಅದರ ಮೇಲೆ ಲೇಸರಿನಿಂದ ಗುರುತು ಮಾಡುವ ಯೋಚನೆ ಬಂತು. ಅಲ್ಲೊಂದು ಪೇಚು. ಸಿಡಿಯ ನಿಯಮದ ಪ್ರಕಾರ ಬಿಲ್ಲೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 70ರಷ್ಟನ್ನಾದರೂ ಹಿಂದಕ್ಕೆ ಕಳಿಸಬೇಕು. ಬೆಳಕು ಕುಡಿಯದೆ ಬಣ್ಣ ಕಾಯದು, ಕುಡಿದರೆ ಕನ್ನಡಿಯ ಹೊಳಪು ಉಳಿಯದು.

ಈ ಗಂಟು ಬಿಡಿಸಿದ್ದು ಜಪಾನಿನ ತೈಯೊ ಯೂಡೆನ್. ಸೆರಾಮಿಕ್ ಕೆಪಾಸಿಟರ್ ಮಾಡುತ್ತಿದ್ದ ಕಂಪನಿ ಅದು. ಅಲ್ಲಿನ ಸಂಶೋಧಕಿ ಎಮಿಕೊ ಹಮದಾ ಮತ್ತು ಸಂಗಡಿಗರು 1988ರಲ್ಲಿ ತೋರಿಸಿದ ಬಿಲ್ಲೆಯೇ ಸಿಡಿ-ಆರ್. ಅದಕ್ಕೂ ಮುಂಚಿನ ‘ಒಮ್ಮೆ ಬರೆಯುವ’ ಡಿಸ್ಕುಗಳಲ್ಲಿ ಬಣ್ಣ ಉಬ್ಬಲು, ಕರಗಲು ಜಾಗ ಬೇಕೆಂದು ಅದರ ಮೇಲೆ ಗಾಳಿಯ ತೆರವು ಬಿಡುತ್ತಿದ್ದರು. ಇವರು ಆ ತೆರವನ್ನೇ ತೆಗೆದುಹಾಕಿ, ಸಯನಿನ್ ಎಂಬ ಬಣ್ಣದ ಬೆನ್ನಿಗೇ ಚಿನ್ನದ ತೆಳು ಪದರ ಅಂಟಿಸಿದರು. ಲೇಸರ್ ತಗುಲಿದ ಕಡೆ ಬಣ್ಣ ಕೆಡುತ್ತದೆ, ಅದಕ್ಕೆ ತಾಗಿದ ಪ್ಲಾಸ್ಟಿಕ್ಕೂ ಮೆತ್ತಗಾಗಿ ಚೂರು ಸೊಟ್ಟಗಾಗುತ್ತದೆ. ಆ ಚುಕ್ಕೆಯಿಂದ ಬೆಳಕು ಮಂಕಾಗಿ ಮರಳುತ್ತದೆ. ಕುಳಿ ಇಲ್ಲ, ಆದರೂ ಪ್ಲೇಯರು ಕುಳಿ ಕಂಡೆ ಅನ್ನುತ್ತದೆ! ನಮ್ಮ ಹಗಲುವೇಷದವರು ಮನೆಬಾಗಿಲಲ್ಲಿ ನಿಂತರೆ ಎದುರಿಗಿರುವುದು ಸಾಕ್ಷಾತ್ ಹನುಮಂತ ಅನ್ನಿಸುತ್ತದಲ್ಲ, ಹಾಗೆ. ಆ ಹೊತ್ತಿಗಾಗಲೇ ಮನೆಮನೆಯಲ್ಲಿದ್ದ ಪ್ಲೇಯರುಗಳ ಒಂದು ತಿರುಪೂ ಬದಲಾಯಿಸಬೇಕಾಗಲಿಲ್ಲ. ಸಿಡಿ-ಆರ್ ಗೆದ್ದದ್ದು ಈ ವೇಷದ ಬಲದಿಂದ. ಇದಕ್ಕಿಂತ ಗಟ್ಟಿಯಾದ, ಅಳಿಸಿ ಮತ್ತೆ ಬರೆಯಬಹುದಾದ ಡಿಸ್ಕುಗಳು ಆಗಲೂ ಇದ್ದವು. ಅವಕ್ಕೆಲ್ಲ ಬೇರೆಯದೇ ಯಂತ್ರ ಬೇಕಿತ್ತು, ಅದಕ್ಕೇ ಸೋತವು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1990ರಲ್ಲಿ ‘ಆರೆಂಜ್ ಬುಕ್’ ಎಂಬ ನಿಯಮಪುಸ್ತಕ ಬಂತು. ಮೊದಮೊದಲ ರೆಕಾರ್ಡರುಗಳಿಗೆ ಹತ್ತಾರು ಸಾವಿರ ಡಾಲರ್. 1995ರಲ್ಲಿ ಎಚ್‌ಪಿ ಸಾವಿರ ಡಾಲರಿನ ಒಳಗೆ ತಂದಿತು. ಒಂದು ಪಟ್ಟು ವೇಗದಲ್ಲಿ ಸಿಡಿ ತುಂಬಲು 74 ನಿಮಿಷ, ಮುಂದೆ 52 ಪಟ್ಟಿನ ಡ್ರೈವುಗಳಲ್ಲಿ ಮೂರ್ನಾಲ್ಕು ನಿಮಿಷ. ಅದಕ್ಕಿಂತ ಜೋರಾಗಿ ತಿರುಗಿಸಿದರೆ ಪ್ಲಾಸ್ಟಿಕ್ಕೇ ಸಿಡಿಯುವ ಅಪಾಯ. ಈ ನಡುವೆ ಒಂದು ಸಂಕಟವಿತ್ತು: ಬರೆಯಲು ಹೊರಟ ಲೇಸರ್ ಅರ್ಧದಲ್ಲಿ ನಿಲ್ಲುವಂತಿರಲಿಲ್ಲ. ಕಂಪ್ಯೂಟರು ಒಂದು ಗಳಿಗೆ ತಡವರಿಸಿ ಮಾಹಿತಿ ಕೊಡುವುದು ತಪ್ಪಿತೋ, ಆ ಬಿಲ್ಲೆ ಹಾಳು. 2000ದಲ್ಲಿ ಸ್ಯಾನ್ಯೊ ಕಂಪನಿ, ನಿಂತ ಜಾಗದಿಂದಲೇ ಮತ್ತೆ ಶುರುಮಾಡುವ ಉಪಾಯ ಕಂಡುಹಿಡಿಯುವ ತನಕ ಹೀಗೆ ಕೆಟ್ಟವಕ್ಕೆ ಲೆಕ್ಕವಿಲ್ಲ. ನಮ್ಮ ಹೊಲಗಳಲ್ಲಿ ದಾರಕ್ಕೆ ಜೋತುಬಿದ್ದು ಹಕ್ಕಿ ಬೆದರಿಸಿದ ಬಿಲ್ಲೆಗಳಲ್ಲಿ ಇವುಗಳ ಪಾಲೂ ಇದ್ದೀತು. ಸಿಡಿ ಬರೆಯುವ, ಜರ್ಮನಿಯ ‘ನೀರೊ ಬರ್ನಿಂಗ್ ರಾಮ್’ ತಂತ್ರಾಂಶವನ್ನು ಮರೆಯುವ ಹಾಗಿಲ್ಲ. ರೋಮ್ ಉರಿಯುವಾಗ ಪಿಟೀಲು ಬಾರಿಸಿದನೆಂಬ ಅಪವಾದ ಹೊತ್ತ ದೊರೆಯ ಹೆಸರು, ರೋಮ್ ಬದಲು ಸಿಡಿ-ರಾಮ್. ಅದರ ಲಾಂಛನದಲ್ಲಿ ಉರಿಯುವುದು ಕೊಲೋಸಿಯಂ. ರೋಮಿಗೆ ಬೆಂಕಿ ಬಿದ್ದದ್ದು ಕ್ರಿ.ಶ. 64ರಲ್ಲಿ, ಕೊಲೋಸಿಯಂ ತೆರೆದದ್ದು 80ರಲ್ಲಿ. ತಮಾಷೆಗೆ ಇತಿಹಾಸದ ಹಂಗು ಯಾಕೆ, ಬಿಡಿ.

ಇಲ್ಲಿಗೆ ಬರುವಾಗ ಒಂದು ಆಕ್ಷೇಪ ಏಳುತ್ತದೆ: ಇದೆಲ್ಲ ಕಳ್ಳಮಾಲಿನ ಕಥೆಯಲ್ಲವೇ? 1993ರ ವಿಡಿಯೊ ಸಿಡಿ ಪದ್ಧತಿಯಲ್ಲಿ ಒಂದು ಬಿಲ್ಲೆಗೆ 74 ನಿಮಿಷದ ಚಿತ್ರ ಹಿಡಿಯುತ್ತಿತ್ತು, ನಮ್ಮ ಸಿನಿಮಾಕ್ಕೆ ಎರಡೋ ಮೂರೋ ಬೇಕು. ಆಮೇಲೆ ಬಂದ 4.7 ಜಿಬಿಯ ಡಿವಿಡಿಯಲ್ಲಿ ಇಡೀ ಸಿನಿಮಾ ಒಂದರಲ್ಲೇ ಕೂತಿತು. ಫುಟ್‌ಪಾತಿನಲ್ಲಿ ಏನು ಮಾರಾಟವಾಯಿತೆಂದು ಎಲ್ಲರಿಗೂ ಗೊತ್ತು. ಕರ್ನಾಟಕದ ಗೂಂಡಾ ಕಾಯ್ದೆಯ ಮಾರುದ್ದದ ಹೆಸರಿನಲ್ಲಿ ಕಳ್ಳಭಟ್ಟಿಯವರು, ಜೂಜುಕೋರರ ಪಂಕ್ತಿಯಲ್ಲೇ ವಿಡಿಯೊ, ಆಡಿಯೊ ಕಳ್ಳರಿಗೂ ಎಲೆ ಹಾಕಿದ್ದಾರೆ. ಆಕ್ಷೇಪವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನೊಯ್ಡಾದ ಮೋಸರ್ ಬೇಯರ್ ಏನು ಮಾಡಿತು ನೋಡಿ. ಖಾಲಿ ಡಿಸ್ಕು ತಯಾರಿಸುವುದರಲ್ಲಿ ಜಗತ್ತಿನ ದೊಡ್ಡ ಕಂಪನಿಗಳಲ್ಲಿ ಒಂದಾಗಿ ಬೆಳೆದಿದ್ದ ಈ ಸಂಸ್ಥೆ, 2007ರ ಸುಮಾರಿಗೆ ತಾನೇ ಸಿನಿಮಾ ಹಕ್ಕು ಕೊಂಡು ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರತೊಡಗಿತು. ಕಳ್ಳಮಾಲಿನ ದರಕ್ಕೇ ಅಸಲಿ ಮಾಲು! ಅಂದರೆ ಜನ ಕಳ್ಳತನವನ್ನು ಪ್ರೀತಿಸಿದ್ದರಿಂದ ಅಲ್ಲ, ಪ್ರತಿಯ ನಿಜವಾದ ಬೆಲೆ ಎಷ್ಟೆಂದು ಖಾಲಿ ಸಿಡಿ ಅವರಿಗೆ ತೋರಿಸಿಕೊಟ್ಟಿದ್ದರಿಂದ ಆ ಪೇಟೆ ಬೆಳೆಯಿತು. ಪ್ರತಿ ಮಾಡುವುದು, ಹಂಚುವುದು ಆ ಬಿಲ್ಲೆಯ ಹುಟ್ಟುಗುಣ.

ಕೂಡಿಡುವುದು ಅದರ ಗುಣವಲ್ಲ. ಆ ಬಣ್ಣ ಸಾವಯವ ವಸ್ತು. ಬಿಸಿಲು, ಸೆಕೆ, ತೇವಕ್ಕೆ ತಾನಾಗಿಯೇ ಕೆಡುತ್ತದೆ. ಕಾದರೆ ಕೆಡಬೇಕು ಎಂದೇ ಆರಿಸಿದ ಬಣ್ಣ ಮತ್ತೇನು ಮಾಡೀತು? ಮೇಲಾಗಿ ನಾವು ಕಾಪಾಡಿದ್ದು ತಪ್ಪು ಬದಿಯನ್ನು. ಹೊಳೆಯುವ ಬದಿಗೆ ಬೆರಳು ತಾಗದ ಹಾಗೆ ಹಿಡಿದೆವು. ಅಲ್ಲಿ ಒಂದು ಮಿಲಿಮೀಟರಿಗೂ ದಪ್ಪ ಪ್ಲಾಸ್ಟಿಕ್ಕಿನ ರಕ್ಷಣೆ ಇದೆ, ಸಣ್ಣ ಗೀರನ್ನು ಓದುವ ಯಂತ್ರವೇ ಲೆಕ್ಕ ಹಾಕಿ ಸರಿಪಡಿಸಿಕೊಳ್ಳುತ್ತದೆ. ಸಿಡಿಯ ಜೀವ ಇರುವುದು ಹೆಸರು ಬರೆಯುವ ಬದಿಯಲ್ಲಿ, ತೆಳ್ಳನೆ ಮೆರುಗೆಣ್ಣೆಯ ಕೆಳಗೆ. ಅಲ್ಲೇ ಬಾಲ್‌ಪೆನ್ನು ಒತ್ತಿ ‘ಅಕ್ಕನ ಮದುವೆ, ಭಾಗ 2’ ಎಂದು ಬರೆದರೆ ಆ ಮದುವೆಯ ಒಂದು ಸಾಲು ಅಳಿಸಿಹೋದ ಹಾಗೆ. ನೂರು ವರ್ಷ ಬಾಳುವ ಚಿನ್ನದ ಪದರದ ಸಿಡಿಗಳು ಇದ್ದವಲ್ಲ ಎನ್ನಬಹುದು. ಇದ್ದವು, ದುಬಾರಿಯಾಗಿದ್ದವು. ಅವು ಬಾಳಿದರೂ ಓದುವ ಡ್ರೈವು ಎಲ್ಲಿದೆ? ಹೊಸ ಲ್ಯಾಪ್‌ಟಾಪುಗಳಲ್ಲಿ ಆ ಜಾಗವೇ ಇಲ್ಲ. ಕನ್ನಡಿಗರಿಗೆ ಮುಚ್ಚಿದ ಇನ್ನೊಂದು ಬಾಗಿಲೂ ಇದೆ: ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರಸಂಕೇತದಲ್ಲಿ ಟೈಪು ಮಾಡಿದ ಕಡತ ಸಿಡಿಯಿಂದ ಸುಖವಾಗಿ ಹೊರಬಂದರೂ ಆ ಫಾಂಟು ಇಲ್ಲದಿದ್ದರೆ ತೆರೆಯ ಮೇಲೆ ಅರ್ಥವಿಲ್ಲದ ರೋಮನ್ ಗುರುತುಗಳ ಸಂತೆ. ಹಾಗಾದರೆ ಉಳಿಸುವುದು ಹೇಗೆ? ತಾಳೆಗರಿಯೂ ಹುಳ ತಿನ್ನುವ ವಸ್ತುವೇ. ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ಹೇಳುತ್ತಾರಲ್ಲ, ಆಕೆ ಗಟ್ಟಿ ಗರಿ ಹುಡುಕುತ್ತಾ ಕೂರಲಿಲ್ಲ. ನಮ್ಮ ಕೈಯಲ್ಲಿ ಹತ್ತು ರೂಪಾಯಿಗೆ ಒಂದು ಪ್ರತಿ ಮಾಡುವ ಯಂತ್ರವಿತ್ತು. ಪಕ್ಕದ ಮನೆಯವರ ಸಿನಿಮಾವನ್ನು ಹತ್ತು ಪ್ರತಿ ಮಾಡಿದೆವು, ನಮ್ಮ ಮನೆಯ ಮದುವೆಯನ್ನು ಒಂದೇ ಪ್ರತಿ ಮಾಡಿಸಿ ಬೀಗ ಹಾಕಿದೆವು.

ತೈಯೊ ಯೂಡೆನ್ 2015ರ ಕೊನೆಗೆ ಡಿಸ್ಕಿನ ವ್ಯವಹಾರ ಬಿಟ್ಟಿತು, ಮೋಸರ್ ಬೇಯರ್ 2018ರಲ್ಲಿ ದಿವಾಳಿಯಾಗಿ ಮುಚ್ಚಿತು, ಸೋನಿ 2025ರ ಫೆಬ್ರವರಿಯಲ್ಲಿ ಬರೆಯುವ ಬ್ಲೂ-ರೇ ತಯಾರಿಕೆ ನಿಲ್ಲಿಸಿತು. ಪೆನ್‌ಡ್ರೈವ್ ಇರುವಾಗ ಇದಕ್ಕೆಲ್ಲ ಯಾಕೆ ಮರುಗಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಚಿಕ್ಕದು: ಒಮ್ಮೆ ಬರೆದ ಸಿಡಿಗೆ ವೈರಸ್ ಹೊಗಲಾರದು, ಅದರಲ್ಲಿದ್ದದ್ದನ್ನು ಕೈತಪ್ಪಿ ಅಳಿಸಲಾಗದು, ಅದಕ್ಕೆ ತಿಂಗಳ ಬಾಡಿಗೆ ಕಟ್ಟಬೇಕಿಲ್ಲ. ಇಷ್ಟಾದರೂ ಬಣ್ಣ ಬಣ್ಣವೇ. ನಿಮ್ಮ ಬೀರುವಿನಲ್ಲಿ ಅಂಥ ಬಿಲ್ಲೆಗಳಿದ್ದರೆ ಯುಎಸ್‌ಬಿಗೆ ಸಿಕ್ಕಿಸುವ ಡ್ರೈವೊಂದನ್ನು ಎರವಲು ತನ್ನಿ. ಒಂದು ಡ್ರೈವು ಓದದಿದ್ದರೆ ಕೈಬಿಡಬೇಡಿ, ಇನ್ನೊಂದು ಓದೀತು. ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಷ್ಟು ತೂತುಗಳಿಂದ ಬೆಳಕು ತೂರಿ ಬಂದರೆ ಅದನ್ನು ಮೊದಲು ಕಾಪಿ ಮಾಡಿ. ಬಾಲ್‌ಪೆನ್ನಿನಲ್ಲಿ ಹೆಸರು ಬರೆದದ್ದು ಇದ್ದರೆ ಅದನ್ನು ಎಲ್ಲಕ್ಕಿಂತ ಮೊದಲು.