ಮಾರ್ವೆಲ್ ಸಿನಿಮಾಗಳನ್ನು ಮತ್ತೆ ನೋಡುವುದಾದರೆ ಎಲ್ಲಿಂದ ಶುರುಮಾಡಬೇಕು?

2008ರ ಮೇ ತಿಂಗಳು. ‘ಐರನ್ ಮ್ಯಾನ್’ ಮುಗಿದಿದೆ. ಪರದೆಯ ಮೇಲೆ ಹೆಸರುಗಳು ಓಡುತ್ತಿವೆ, ಜನ ಚಪ್ಪಲಿ ಹುಡುಕಿಕೊಂಡು ಏಳುತ್ತಿದ್ದಾರೆ. ಕುಳಿತೇ ಇದ್ದವರಿಗೆ ಇನ್ನೊಂದು ಪುಟ್ಟ ದೃಶ್ಯ ಸಿಕ್ಕಿತು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ನಿಕ್ ಫ್ಯೂರಿ, ಟೋನಿ ಸ್ಟಾರ್ಕ್‌ನ ಮನೆಯ ಕತ್ತಲಲ್ಲಿ ನಿಂತು ‘ಅವೆಂಜರ್ಸ್’ ಎಂಬ ಹೆಸರನ್ನು ಮೊದಲ ಸಲ ಹೇಳುತ್ತಾನೆ.

ಅಲ್ಲಿಂದ 2019ರ ‘ಎಂಡ್‌ಗೇಮ್’ವರೆಗೆ 11 ವರ್ಷ, 22 ಸಿನಿಮಾ. ಮತ್ತೊಮ್ಮೆ ನೋಡಲು ಕೂತರೆ ಎದುರಾಗುವ ಪ್ರಶ್ನೆ ಒಂದೇ. ಬಿಡುಗಡೆಯಾದ ಕ್ರಮದಲ್ಲಿ ನೋಡಬೇಕೋ, ಕಥೆ ನಡೆದ ಕಾಲದ ಕ್ರಮದಲ್ಲೋ? ಉತ್ತರ ಹುಡುಕುವಾಗ ಕಥೆಯ ಗುಟ್ಟುಗಳೂ ಹೊರಬರುತ್ತವೆ. ಈ ಸಿನಿಮಾಗಳನ್ನು ನೀವು ನೋಡಿಲ್ಲವೆಂದರೆ ವಿಡಿಯೋ ಇಲ್ಲೇ ನಿಲ್ಲಿಸಿ, ನೋಡಿ ಬನ್ನಿ.

ಈ ಗೊಂದಲದ ಬೇರು ದುಡ್ಡಿನ ಲೆಕ್ಕದಲ್ಲಿದೆ. 1990ರ ದಶಕದಲ್ಲಿ ದಿವಾಳಿಯ ಅಂಚಿಗೆ ಬಂದ ಮಾರ್ವೆಲ್, ಎಕ್ಸ್-ಮೆನ್ ಮತ್ತು ಸ್ಪೈಡರ್‌ಮ್ಯಾನ್‌ನಂಥ ಹೆಸರುವಾಸಿ ಪಾತ್ರಗಳ ಸಿನಿಮಾ ಹಕ್ಕನ್ನು ಬೇರೆ ಸ್ಟುಡಿಯೋಗಳಿಗೆ ಬಿಟ್ಟುಕೊಟ್ಟಿತ್ತು. 2005ರಲ್ಲಿ ಅದು ಕೈಲುಳಿದ ಪಾತ್ರಗಳ ಹಕ್ಕನ್ನು ಅಡವಿಟ್ಟು, ಮೆರಿಲ್ ಲಿಂಚ್‌ನ ಮೂಲಕ 52.5 ಕೋಟಿ ಡಾಲರ್ ಸಾಲ ಎತ್ತಿತು. ಸ್ವಂತವಾಗಿ ಸಿನಿಮಾ ಮಾಡಲು ಹೊರಟದ್ದು ಆ ದುಡ್ಡಿನಲ್ಲಿ. ಮೊದಲ ಚಿತ್ರ ಸೋತಿದ್ದರೆ ಎರಡನೆಯದು, ಮೂರನೆಯದು ಯಾವಾಗ ಬರುತ್ತಿತ್ತೋ! ಹಾಗಾಗಿ ಕಥೆಯ ಕಾಲಕ್ರಮ ನೋಡಿಕೊಂಡು ಸಿನಿಮಾ ಮಾಡುವಂತಿರಲಿಲ್ಲ; ಎರಡನೇ ಮಹಾಯುದ್ಧದ ಕಾಲದಲ್ಲಿ ಶುರುವಾಗುವ ಕ್ಯಾಪ್ಟನ್ ಅಮೆರಿಕಾನ ಕಥೆ ತೆರೆಗೆ ಬಂದದ್ದು 2011ರಲ್ಲಿ, ಐದನೆಯದಾಗಿ. 1995ರಲ್ಲಿ ನಡೆಯುವ ‘ಕ್ಯಾಪ್ಟನ್ ಮಾರ್ವೆಲ್’ ಬಂದದ್ದು ಇಪ್ಪತ್ತೊಂದನೆಯದಾಗಿ, 2019ರಲ್ಲಿ.

ಕಾಲಕ್ರಮದಲ್ಲಿ ಜೋಡಿಸಿದ ಪಟ್ಟಿ ಈಗ ಡಿಸ್ನಿ ಪ್ಲಸ್‌ನಲ್ಲೇ ಸಿಗುತ್ತದೆ. ನೋಡಲು ಬಲು ಅಚ್ಚುಕಟ್ಟು. ಆದರೆ ಅದು ಎಡವುವ ಜಾಗವನ್ನು ನೋಡಿ. ‘ವಿಂಟರ್ ಸೋಲ್ಜರ್’ನಲ್ಲಿ ಫ್ಯೂರಿ, ಹಿಂದೊಮ್ಮೆ ಯಾರನ್ನೋ ನಂಬಿ ಕಣ್ಣು ಕಳೆದುಕೊಂಡೆ ಎನ್ನುತ್ತಾನೆ. 2014ರಲ್ಲಿ ಅದನ್ನು ಕೇಳಿದವರ ಮನಸ್ಸಿನಲ್ಲಿ ಯಾವುದೋ ಘೋರ ದ್ರೋಹದ ಚಿತ್ರ ಮೂಡಿತು. ಐದು ವರ್ಷದ ಮೇಲೆ ‘ಕ್ಯಾಪ್ಟನ್ ಮಾರ್ವೆಲ್’ ನಿಜ ಸಂಗತಿ ತೋರಿಸಿತು: ಬೆಕ್ಕಿನಂತೆ ಕಾಣುವ ಗೂಸ್ ಎಂಬ ಪ್ರಾಣಿ ಪರಚಿದ್ದು! ಆ ನಗು ಹುಟ್ಟುವುದು ಐದು ವರ್ಷ ನಾವು ಬೇರೇನನ್ನೋ ನಂಬಿದ್ದರಿಂದ. ಕಾಲಕ್ರಮದಲ್ಲಿ ನೋಡಿದವರಿಗೆ ಬೆಕ್ಕು ಮೊದಲೇ ಗೊತ್ತು. ಫ್ಯೂರಿಯ ಗಂಭೀರ ಮಾತು ಬರುವ ಹೊತ್ತಿಗೆ ಅದರ ತೂಕ ಹೋಗಿರುತ್ತದೆ. ‘ಕ್ಯಾಪ್ಟನ್ ಮಾರ್ವೆಲ್’ನ ಹೆಸರುಗಳ ನಡುವೆ ಬರುವ ದೃಶ್ಯವಂತೂ ಖಳನಾಯಕ ಥಾನೋಸ್ ಅರ್ಧ ಜೀವಜಗತ್ತನ್ನು ಅಳಿಸಿದ ನಂತರದ್ದು. ಟೋನಿ ಸ್ಟಾರ್ಕ್‌ನ ಮುಖವನ್ನೇ ನೋಡಿರದವನ ಮುಂದೆ ಹತ್ತೊಂಬತ್ತನೇ ಚಿತ್ರವಾದ ‘ಇನ್ಫಿನಿಟಿ ವಾರ್’ನ ಗುಟ್ಟು ರಟ್ಟಾಗುತ್ತದೆ.

‘ಬ್ಲ್ಯಾಕ್ ವಿಡೋ’ದ್ದೂ ಇದೇ ಪಾಡು. ಕಥೆ ‘ಸಿವಿಲ್ ವಾರ್’ ಮುಗಿದೊಡನೆ ನಡೆಯುತ್ತದೆ, ಕೊನೆಯ ದೃಶ್ಯದಲ್ಲಿ ನಾಯಕಿ ನತಾಶಾಳ ಸಮಾಧಿ ಇದೆ. ಅವಳು ಸಾಯುವುದು ‘ಎಂಡ್‌ಗೇಮ್’ನಲ್ಲಿ.

ಮೊದಲ ಸಲ ನೋಡುವವರಿಗೆ ನನ್ನ ಉತ್ತರ ಬಿಡುಗಡೆಯ ಕ್ರಮ. ಯಾವ ಸಂಗತಿ ನಮಗೆ ಯಾವಾಗ ತಿಳಿಯಬೇಕೆಂದು ಕಥೆ ಹೇಳುವವರು ಲೆಕ್ಕಹಾಕಿದ್ದು ಆ ಕ್ರಮದಲ್ಲೇ. ಮತ್ತೆ ನೋಡುವವರ ಮಾತು ಬೇರೆ. ಮಹಾಭಾರತದ ಕಥೆ ಗೊತ್ತಿದ್ದೇ ನಾವು ರಾತ್ರಿಯಿಡೀ ಕೂತು ಕರ್ಣನ ಪ್ರಸಂಗವೊಂದನ್ನೇ ನೋಡುತ್ತೇವಲ್ಲ, ಹಾಗೆ ಒಬ್ಬರ ಬೆನ್ನು ಹಿಡಿಯಿರಿ.

ನಾನು ಹಿಡಿಯುವುದು ಕ್ಯಾಪ್ಟನ್ ಅಮೆರಿಕಾ ಆಗುವ ಸ್ಟೀವ್ ರೋಜರ್ಸ್‌ನ ಬೆನ್ನು. ‘ಫಸ್ಟ್ ಅವೆಂಜರ್’, ‘ಅವೆಂಜರ್ಸ್’, ‘ವಿಂಟರ್ ಸೋಲ್ಜರ್’, ‘ಏಜ್ ಆಫ್ ಅಲ್ಟ್ರಾನ್’, ‘ಸಿವಿಲ್ ವಾರ್’, ‘ಇನ್ಫಿನಿಟಿ ವಾರ್’, ‘ಎಂಡ್‌ಗೇಮ್’. ಒಟ್ಟು ಏಳು. ಹಿಮಕ್ಕೆ ಅಪ್ಪಳಿಸಲಿರುವ ವಿಮಾನದಿಂದ ಸ್ಟೀವ್ ರೇಡಿಯೋದಲ್ಲಿ ತಾನು ಪ್ರೀತಿಸುವ ಪೆಗ್ಗಿಯ ಜೊತೆ ಮಾತಾಡುತ್ತ, ಶನಿವಾರ ಕುಣಿಯೋಣ ಎಂದು ಗೊತ್ತುಮಾಡಿಕೊಳ್ಳುತ್ತಾನೆ. ಆ ಕುಣಿತ ನಡೆಯುವುದು ಏಳನೇ ಚಿತ್ರದ ಕಟ್ಟಕಡೆಯ ದೃಶ್ಯದಲ್ಲಿ. ನಡುವೆ ಬೇರೆ ಹನ್ನೊಂದು ಸಿನಿಮಾ ಬಂದಾಗ ಮಸುಕಾಗುವ ಈ ಎಳೆ, ಏಳನ್ನೇ ನೋಡಿದಾಗ ಕಣ್ಣೆದುರೇ ಇರುತ್ತದೆ. ‘ಅಲ್ಟ್ರಾನ್’ನಲ್ಲಿ ಅವನ ಕೈಗೆ ಒಂಚೂರು ಅಲುಗಾಡಿದ ಥೋರ್‌ನ ಸುತ್ತಿಗೆ ‘ಎಂಡ್‌ಗೇಮ್’ನಲ್ಲಿ ಅವನ ಕೈಗೇ ಹಾರಿ ಬಂದಾಗ ಹೀಗೆ ನೋಡುವುದರ ಸೊಗಸು ನಿಮಗೇ ಗೊತ್ತಾಗುತ್ತದೆ.

ಎಲ್ಲ 22 ನೋಡುವ ಹುಮ್ಮಸ್ಸಿದ್ದರೆ ಒಂದೇ ಬದಲಾವಣೆ ಸಾಕು. ‘ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ’ಯ ಎರಡು ಭಾಗಗಳನ್ನು ಬೆನ್ನುಬೆನ್ನಿಗೆ ನೋಡಿ. ಬಿಡುಗಡೆಗಳ ನಡುವೆ ಮೂರು ವರ್ಷವಿದ್ದರೂ ಕಥೆಯಲ್ಲಿ ಎರಡೂ 2014ರವೇ. ‘ಕ್ಯಾಪ್ಟನ್ ಮಾರ್ವೆಲ್’ ಮಾತ್ರ ‘ಇನ್ಫಿನಿಟಿ ವಾರ್’ ಆದಮೇಲೆಯೇ ಇರಲಿ. ಅದರ ಕೊನೆಯಲ್ಲಿ ಫ್ಯೂರಿಯ ಕೈಜಾರಿ ಬಿದ್ದ ಪೇಜರ್ ‘ಕ್ಯಾಪ್ಟನ್ ಮಾರ್ವೆಲ್’ನತ್ತಲೇ ಕರೆದೊಯ್ಯುತ್ತದೆ.

‘ಎಂಡ್‌ಗೇಮ್’ ಮುಗಿದಾಗ ತಕ್ಷಣ ಏಳಬೇಡಿ. ಹೆಸರುಗಳಾದ ಮೇಲೆ ಯಾವ ದೃಶ್ಯವೂ ಇಲ್ಲ. ಕಬ್ಬಿಣಕ್ಕೆ ಸುತ್ತಿಗೆ ಬಡಿಯುವ ಸದ್ದಷ್ಟೇ ಕೇಳುತ್ತದೆ. ಅದು 2008ರ ಸಿನಿಮಾದ್ದು, ಗುಹೆಯಲ್ಲಿ ಸೆರೆಯಾಗಿದ್ದ ಟೋನಿ ತನ್ನ ಮೊದಲ ಕವಚವನ್ನು ಬಡಿಯುತ್ತಿರುವ ಸದ್ದು.